ಹನ್ನೊಂದು ನಿಮಿಷ ಮೊದಲೇ ಗುಡುಗಿದ ಫಿರಂಗಿ

ಫಿರಂಗಿ ಹನ್ನೊಂದು ನಿಮಿಷ ಮೊದಲೇ ಗುಡುಗಿತು.

ಗುಡ್ಡದ ಮೇಲಿನ ಆ ಫಿರಂಗಿ ದಿನಕ್ಕೊಂದೇ ಸಲ, ಸರಿಯಾಗಿ ಮಧ್ಯಾಹ್ನ ಹನ್ನೆರಡಕ್ಕೆ ಗುಡುಗಬೇಕು. ಗುಂಡಿಲ್ಲ, ಬರೀ ಮದ್ದಿನ ಸದ್ದು. ಊರಿನ ಗಡಿಯಾರಗಳೆಲ್ಲ ಅದರ ಮಾತು ಕೇಳುತ್ತಿದ್ದವು. ಅಂದು ಮದ್ದಿನ ಚೀಲವನ್ನು ಕೋಲಿನಿಂದ ಒತ್ತಿ ಕೊಳವೆಯೊಳಗೆ ಗಿಡಿಯುತ್ತಿದ್ದಾಗಲೇ ಹೊತ್ತಿಕೊಂಡಿತು. ಗಿಡಿಯುತ್ತಿದ್ದವಳು ದಿನಾ ಅದನ್ನು ಹಾರಿಸುವ ಮುದುಕ, ಊರವರ ಫಿರಂಗಿ ಮಾಮನ ಮಗಳು. ಬಲಗೈ ಸುಟ್ಟು ಆಸ್ಪತ್ರೆ ಸೇರಿದಳು.

ಇನ್ಸ್‌ಪೆಕ್ಟರ್ ಮೆಟ್ಟಿಲೇರಿ ಬಂದಳು. ಈ ಗುಡ್ಡದ ಬುಡದಲ್ಲೇ ಅವಳ ಅಜ್ಜಿಯ ಮನೆಯಿತ್ತು. ‘ಸೂರ್ಯ ನಡುನೆತ್ತಿಗೆ ಬಂದು ತೂಕಡಿಸ್ತಾನೆ ಕಣೇ, ಎಬ್ಬಿಸಿ ಕಳಿಸೋಕೆ ಫಿರಂಗಿ’ ಎನ್ನುತ್ತಿದ್ದಳು ಅಜ್ಜಿ. ಎಷ್ಟೋ ವರ್ಷ ಇವಳು ಅದನ್ನೇ ನಂಬಿದ್ದಳು.

ಮಾಮ ಫಿರಂಗಿಯ ಚಕ್ರಕ್ಕೆ ಒರಗಿ ಕೂತಿದ್ದ.

“ಹತ್ತಿಕಿವಿ ಅಲ್ವೇನೇ ನೀನು?”

ಕಿವಿಗೆ ಹತ್ತಿ ತುರುಕಿ, ಅವಳನ್ನು ಹೆಗಲೇರಿಸಿಕೊಂಡು ಫಿರಂಗಿ ತೋರಿಸುತ್ತಿದ್ದವನು ಅವನೇ.

“ಆಸ್ಪತ್ರೆಗೆ ಹೋಗ್ಲಿಲ್ವಾ ಮಾಮ?”

“ಯಾವ ಮುಖ ಹೊತ್ಕೊಂಡು ಹೋಗ್ಲಿ? ನಿನ್ನೆ ಹಾರಿಸಿದ್ಮೇಲೆ ಕೆಂಡ ಆರ್ಲಿ ಅಂತ ಒಳಗೆ ಒದ್ದೆ ಕುಂಚ ಆಡಿಸಿದ ನೆನಪು. ಇಲ್ಲಿನ ಮೇಲ್ವಿಚಾರಕರು ಆಡಿಸ್ಲೇ ಇಲ್ಲ ಅಂತಾರೆ. ಮರ್ತಿದ್ರೂ ಮರ್ತಿರ್ಬೋದು. ಕೆಂಡ ಉಳಿದು... ನನ್ನ ಕೈಯಾರೆ ಮಗಳ ಕೈ ಸುಟ್ಟೆ.”

* * *

ಕಿಡಿ ಬೇರೆಲ್ಲಿಂದಾದರೂ ಬಂತೇ? ಮಗಳ ಚಪ್ಪಲಿಯ ಅಡಿ ಬಟ್ಟೆಯದು, ಮೊಳೆಯಿಲ್ಲ. ಗಿಡಿಯುವ ಕೋಲು ಮರದ್ದು. ಅಪ್ಪ ಮಗಳು ಇಬ್ಬರ ಬೆಂಕಿಪೊಟ್ಟಣಗಳೂ ಒಳಬರುವಾಗ ಒಪ್ಪಿಸುವ ಗೇಟಿನ ಡಬ್ಬಿಯಲ್ಲೇ ಇದ್ದವು.

ಮದ್ದಿನ ಪೆಟ್ಟಿಗೆ ತೆಗೆಸಿದಳು. ಸೋಮವಾರ ಏಳು ಚೀಲ ತುಂಬುತ್ತಾರೆ, ದಿನಕ್ಕೊಂದು. ಇಂದು ಗುರುವಾರ. ಮೂರು ಉಳಿದಿರಬೇಕು. ಎರಡೇ ಇದ್ದವು.

“ಬೀಗದ ಕೈ ಯಾರತ್ರ?”

“ನನ್ಹತ್ರ ಒಂದು. ಮೇಲ್ವಿಚಾರಕರ ಹತ್ರ ಒಂದು.”

* * *

ಕಚೇರಿಯ ಗೋಡೆಯಲ್ಲಿ ಮೇಲ್ವಿಚಾರಕರ ಫೋಟೊ. ಕಿವಿಯವರೆಗೆ ತಿರುವಿದ ಮೀಸೆ. ಕುರ್ಚಿಯಲ್ಲಿದ್ದ ಮೇಲ್ವಿಚಾರಕರಿಗೆ ಮೀಸೆಯೇ ಇರಲಿಲ್ಲ. ಮೂಗಿನ ಕೆಳಗೆ ಬಿಳಿಚಿದ ಚರ್ಮ, ಬ್ಲೇಡು ತಾಗಿದ ಹಸಿ ಗೀರು.

“ಮುದುಕನಿಗೆ ಅರಳುಮರಳು ಮೇಡಂ. ಅಜಾಗರೂಕತೆ ಅಂತ ಬರ್ಕೊಳ್ಳಿ.”

“ಮೀಸೆ ಎಲ್ಲಿ ಸರ್?”

“ಸೆಕೆ ಅಂತ ತೆಗೆದೆ.”

“ಇಷ್ಟು ವರ್ಷ ಸೆಕೆ ಇರ್ಲಿಲ್ವಾ?”

ಅವರು ಲೋಟದ ನೀರು ಕುಡಿದರು.

ಅವಳು ಬಾಗಿಲಲ್ಲಿ ನಿಂತಿದ್ದ ಮಾಮನನ್ನೂ ಒಳಗೆ ಕರೆದಳು.

“ನಿನ್ನೆ ಮಧ್ಯಾಹ್ನದ ಕೆಂಡ ಇವತ್ತಿನ ತನಕ ಬದುಕಿರುತ್ತಾ? ಕುಂಚ ಆಡಿಸ್ಲಿ ಬಿಡ್ಲಿ, ರಾತ್ರಿಯೊಳಗೆ ಸತ್ತಿರುತ್ತೆ. ಇದು ಇವತ್ತಿನ ಕೆಂಡ. ಮಾಮ ಬರೋದು ಹನ್ನೊಂದೂವರೆಗೆ. ಅದಕ್ಕೂ ಮುಂಚೆ ಯಾರೋ ಕೊಳವೆ ಬಾಯಲ್ಲಿ ಮದ್ದು ಉರಿಸಿದ್ದಾರೆ.”

“ಉರಿಸಿದ್ರೆ ಊರಿಗೇ ಕೇಳ್ತಿತ್ತಲ್ಲ!” ಮೇಲ್ವಿಚಾರಕರು ಗೆದ್ದವರಂತೆ ನಕ್ಕರು.

“ಚೀಲಾನ ಬಿಗಿಯಾಗಿ ಗಿಡಿದಿದ್ರೆ ಕೇಳ್ತಿತ್ತು. ನಂಗೆ ಏಳು ವರ್ಷ ಇದ್ದಾಗ ಮಾಮ ಬಂಡೆ ಮೇಲೆ ಒಂದು ಚಿಟಿಕೆ ಮದ್ದು ಉರಿಸಿ ತೋರ್ಸಿದ್ರು. ಬಿಡಿಯಾಗಿದ್ರೆ ಬುಸ್ ಅಂತ ಉರಿದು ಹೋಗುತ್ತೆ, ಕೂಡಿಹಾಕಿದ್ರೇನೇ ಗುಡುಗೋದು. ನೀವು ಚೀಲ ಹರಿದು, ಬಿಡಿ ಮದ್ದು ಸುರಿದು ಕಡ್ಡಿ ಗೀರಿದ್ರಿ. ಸದ್ದಿಲ್ಲ, ಬರೀ ಜ್ವಾಲೆ, ಹೊಗೆ. ಜ್ವಾಲೆ ಮೀಸೆಗೆ ಹತ್ತಿತು. ಚೀಲದ ಬಟ್ಟೆಚೂರು ಒಳಗೇ ಕೆಂಡವಾಗಿ ಕನಲ್ತಾ ಉಳೀತು. ಅದರ ಮೇಲೇ ಆ ಹುಡುಗಿ ಹೊಸ ಚೀಲ ಗಿಡಿದಳು.”

ಮಾಮ ನಿಧಾನವಾಗಿ ತಲೆಯೆತ್ತಿದ. “ಜಟ್ಟಿ ಬಿದ್ರೂ ಮೀಸೆ ಮಣ್ಣಾಗ್ಲಿಲ್ಲ ಅಂತಾರೆ. ನಿಮ್ದು ಸುಟ್ಟೇ ಹೋಯ್ತಲ್ಲ ಸಾಹೇಬ್ರೆ.”

ಮೇಲ್ವಿಚಾರಕರ ದನಿ ಕುಸಿಯಿತು. “ಹೊಸ ಕರಪತ್ರಕ್ಕೆ ಒಂದು ಫೋಟೊ... ಹೊಗೆ ಜೊತೆ ನಾನು. ಹನ್ನೆರಡಕ್ಕೆ ಇವನು ಯಾರನ್ನೂ ಹತ್ತಿರ ಬಿಡಲ್ಲ. ಫೋಟೊದವನನ್ನ ಹನ್ನೊಂದಕ್ಕೇ ಕರೆಸಿದ್ದೆ. ಹೀಗಾಗುತ್ತೆ ಅಂತ ಗೊತ್ತಿರ್ಲಿಲ್ಲ.”

“ಗೊತ್ತಿಲ್ದೆ ಆದದ್ದು ಅದು. ಗೊತ್ತಿದ್ದೂ ತಪ್ಪನ್ನ ಇವರ ತಲೆಗೆ ಕಟ್ಟಿದ್ರಲ್ಲ, ಅದು?”

* * *

ಜೀಪು ಆಸ್ಪತ್ರೆಯತ್ತ ತಿರುಗಿದಾಗ ಮಾಮ ಕೇಳಿದ.

“ಹಾಗಾದ್ರೆ ನಿನ್ನೆ ನಾನು ಕುಂಚ ಆಡಿಸಿದ್ನೋ ಇಲ್ವೋ?”

“ನಂಗೊತ್ತಿಲ್ಲ ಮಾಮ. ಮರ್ತಿದ್ರೂ ಅದ್ರಿಂದ ಅವಳ ಕೈ ಸುಡ್ತಿರ್ಲಿಲ್ಲ.”

ವಾರ್ಡಿನ ಬಾಗಿಲ ತನಕ ಬಂದು ಅವನು ನಿಂತುಬಿಟ್ಟ. ಒಳಗಿಂದಲೇ ಮಗಳ ಗದರಿಕೆ ಬಂತು.

“ಈಗ ಬಂದ್ಯಾ ಅಪ್ಪಾ? ಹಸಿವು. ಬಲಗೈ ಕಟ್ಟಿಟ್ಟಿದ್ದಾರೆ, ಎಡಗೈಯಲ್ಲಿ ಅರ್ಧ ಅನ್ನ ಹಾಸಿಗೆಗೇ ಉಣ್ಸಿದೀನಿ.”

ಮಾಮ ನಲ್ಲಿಯಡಿ ಕೈ ತೊಳೆದ. ಉಗುರ ಸಂದಿಯ ಮಸಿ ಹೋಗುವವರೆಗೂ ತೊಳೆದ. ಆಮೇಲೆ ಮಂಚದ ಅಂಚಿಗೆ ಕೂತು ತಟ್ಟೆ ಎತ್ತಿಕೊಂಡ.