ಒಂದು ಸಂಗತಿ, ಒಂದೇ ಕಡೆ

ಆ ಶನಿವಾರ ಬೆಳಿಗ್ಗೆ ಅಂಗಡಿಯಲ್ಲಿ ಒಂದೇ ನಿಲುವಂಗಿಗೆ ಇಬ್ಬರು ರಾಜರು ಬಂದು ನಿಂತರು.

ನಾಟಕದ ವೇಷಭೂಷಣ ಬಾಡಿಗೆಗೆ ಕೊಡುವ ಅಂಗಡಿ ಎಂದಮೇಲೆ ರಾಜರು ಬರುವುದು ಹೊಸದೇನಲ್ಲ. ಆದರೆ ಈ ಇಬ್ಬರದೂ ಅದೇ ಸಂಜೆ ನಾಟಕ, ಬೇರೆ ಬೇರೆ ತಂಡ. ಇಬ್ಬರ ಕೈಯಲ್ಲೂ ರಸೀದಿ, ಎರಡರ ಮೇಲೂ ಕೌಂಟರಿನ ಹಿಂದೆ ನಿಂತಿದ್ದ ಅವಳದೇ ಸಹಿ. ಮೊದಲನೇ ರಾಜ ಕೌಂಟರ್ ಕುಟ್ಟಿ ಕುಟ್ಟಿ ಜಗಳಕ್ಕೆ ನಿಂತಿದ್ದ. ಎರಡನೆಯವನು ತೆಳ್ಳಗೆ ಬೆಳ್ಳಗೆ, ಮೂಗಿನ ತುದಿಗೆ ಜಾರಿದ ಕನ್ನಡಕದವನು, ಪಕ್ಕಕ್ಕೆ ಸರಿದು ನಿಂತ.

"ಅವರೇ ತಗೊಳ್ಳಲಿ ಬಿಡಿ," ಅಂದ. "ನಮ್ಮ ನಾಟಕದ ರಾಜ ಮೊದಲನೇ ಅಂಕದಲ್ಲೇ ಸಾಯ್ತಾನೆ. ಸಾಯೋಕೆ ಯಾವ ಬಟ್ಟೆ ಆದ್ರೇನು?"

ಅವಳಿಗೆ ಹೋದ ಜೀವ ಬಂದಂತಾಯಿತು. ಒಳಗಿನಿಂದ ಸೇನಾಪತಿಯ ನೀಲಿ ಕೋಟೊಂದನ್ನು ತಂದು ಅವನ ಭುಜಕ್ಕೆ ಹಿಡಿದು ನೋಡಿದಳು. "ಇದ್ರಲ್ಲಿ ಸತ್ರೆ ಪರವಾಗಿಲ್ವಾ?"

"ನೀವು ಕೊಟ್ರೆ ಎರಡು ಸಲ ಬೇಕಾದ್ರೂ ಸಾಯ್ತೀನಿ," ಎಂದವನು, ತಾನೇನು ಹೇಳಿಬಿಟ್ಟೆ ಎಂದು ಹೊಳೆದು, ಕಿವಿ ಕೆಂಪಗೆ ಮಾಡಿಕೊಂಡು ಅವಳ ಕಂಪ್ಯೂಟರ್ ಕಡೆ ತಿರುಗಿದ. ತಿರುಗಿದವನಿಗೆ ನಗು ತಡೆಯಲಾಗಲಿಲ್ಲ.

ಇದು ಮಾತ್ರ ಅವಳಿಗೆ ಸೇರಲಿಲ್ಲ. ತೆರೆಯ ಮೇಲಿದ್ದ ಬಾಡಿಗೆ ಲೆಕ್ಕದ ಆ ಉದ್ದನೆಯ ಶೀಟನ್ನು ಅವಳೇ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ತಯಾರು ಮಾಡಿದ್ದಳು. ಗಿರಾಕಿಯ ಹೆಸರು, ಫೋನು, ವಿಳಾಸ, ಬಟ್ಟೆ, ಬಣ್ಣ, ಕೊಂಡೊಯ್ಯುವ ದಿನ, ವಾಪಸು ಕೊಡುವ ದಿನ, ಎಲ್ಲವೂ ಒಂದೇ ಸಾಲಿನಲ್ಲಿ.

"ನಗೋಕೇನಿದೆ ಅದ್ರಲ್ಲಿ?"

"ಕ್ಷಮಿಸಿ. ಇಲ್ನೋಡಿ, ಅವರ ಸಾಲಲ್ಲಿ 'ಕೆಂಪು ನಿಲುವಂಗಿ' ಅಂತಿದೆ. ನನ್ನ ಸಾಲಲ್ಲಿ 'ರಾಜನ ಅಂಗಿ, ಜರಿ ಅಂಚು'. ಎರಡೂ ಒಂದೇ ಅಂತ ನಿಮಗೆ ಗೊತ್ತು. ಪಾಪ, ಕಂಪ್ಯೂಟರಿಗೆ ಹೇಗೆ ಗೊತ್ತಾಗಬೇಕು?"

ಅಂಗಡಿಯ ಯಜಮಾನಿ ಅವಳ ಸೋದರತ್ತೆ. ಒಳಗೆ ಕಿರೀಟ ಉಜ್ಜುತ್ತಿದ್ದವರು ಅಲ್ಲಿಂದಲೇ ಕಿವಿಗೊಟ್ಟಿದ್ದರು. ಈ ಹುಡುಗ ಸಂಜೆ ಕಾಲೇಜಿನಲ್ಲಿ ಡೇಟಾಬೇಸ್ ಕಲಿಸುವ ಮೇಷ್ಟ್ರು ಎಂದು ತಿಳಿದದ್ದೇ ತಡ, ವ್ಯವಹಾರ ಕುದುರಿಸಿಯೇಬಿಟ್ಟರು. ಮೇಷ್ಟ್ರು ವಾರಕ್ಕೆರಡು ಸಲ ಬಂದು ಸೋದರಸೊಸೆಗೆ ಪಾಠ ಹೇಳುವುದು, ಮೇಷ್ಟ್ರ ನಾಟಕದ ತಂಡಕ್ಕೆ ವರ್ಷವಿಡೀ ಬಟ್ಟೆ ಬಿಟ್ಟಿ.

"ಕಲಿತ್ಕೋ ಪುಟ್ಟಿ," ಅಂದರು ಅತ್ತೆ. "ಇಲ್ಲಾಂದ್ರೆ ಮುಂದಿನ ಸಲ ಮೂರು ಜನ ರಾಜರು ಬರ್ತಾರೆ, ಆಗ ನಾನು ಹಿಂದಿನ ಬಾಗಿಲಿಂದ ಓಡಿಹೋಗ್ತೀನಿ."

ಪಾಠ ನಡೆಯುತ್ತಿದ್ದದ್ದು ಬಟ್ಟೆ ಕತ್ತರಿಸುವ ದೊಡ್ಡ ಮೇಜಿನ ಮೇಲೆ. ಸುತ್ತ ಗೋಡೆಗೆ ಗಡ್ಡಮೀಸೆಗಳು, ಮರದ ಕತ್ತಿಗಳು, ಕಿನ್ನರಿಯರ ರೆಕ್ಕೆಗಳು. ಮೂಲೆಯಲ್ಲಿ ಹೊಲಿಗೆ ಮೆಷಿನ್ನಿನ ಮುಂದೆ ಅಂಗಡಿಯ ಹಳೇ ದರ್ಜಿ. ಅವರನ್ನು ಎಲ್ಲರೂ ಕರೆಯುವುದು ಕತ್ತರಿ ಮಾಮ ಎಂದೇ. ಬೋರ್ಡು ಇರಲಿಲ್ಲ. ಅವಳು ಹಳೆಯ ಕಪ್ಪು ಪರದೆಯೊಂದನ್ನು ಮೇಜಿನ ಮೇಲೆ ಹಾಸಿ, ದರ್ಜಿಯ ಸೀಮೆಸುಣ್ಣ ಅವನ ಕೈಗಿಟ್ಟಳು.

ಅವನು ಪರದೆಯ ಮೇಲೆ ಚೌಕವೊಂದನ್ನು ಎಳೆದ. "ಇದು ಬಟ್ಟೆಗಳ ಟೇಬಲ್, ಅಂದ್ರೆ ಪಟ್ಟಿ. ಇಲ್ಲಿ ಬಟ್ಟೆ ಬಿಟ್ಟು ಬೇರೆ ಯಾರಿಗೂ ಪ್ರವೇಶ ಇಲ್ಲ. ಪ್ರತಿಯೊಂದಕ್ಕೂ ಒಂದು ನಂಬರ್, ಅದೇ ಅದರ ಕೀ, ಅಂದ್ರೆ ಗುರುತು. ಬಣ್ಣ ಮಾಸಬಹುದು, ಜರಿ ಕಿತ್ತು ಹೋಗಬಹುದು, ನಂಬರ್ ಮಾತ್ರ ಬದಲಾಗಬಾರದು."

"ಒಂದೇ ನಂಬರ್ ಇಬ್ಬರಿಗೆ ಕೊಡಬಾರದು, ಅಲ್ವಾ?"

"ಕೊಟ್ರೆ ಮತ್ತೆ ರಾಜರ ಜಗಳ."

ಅವಳು ಹಠ ಹಿಡಿದು ಕೂತು, ಅಂಗಡಿಯ ಒಂದೊಂದು ಬಟ್ಟೆಯ ಒಳಮೈಗೂ ನಂಬರಿನ ಪಟ್ಟಿ ಹೊಲಿದಳು. ಮುಂದಿನ ಪಾಠಕ್ಕೆ ಅವನು ಬಂದಾಗ ಸೂಜಿ ಇನ್ನೂ ಕೈಯಲ್ಲಿತ್ತು. "ಮೇಷ್ಟ್ರೇ, ನಿಮಗೂ ಒಂದು ಹೊಲಿದುಬಿಡ್ಲಾ? ಎಲ್ಲಾದ್ರೂ ಕಳೆದುಹೋಗ್ತೀರಿ."

"ಎಲ್ಲಿ ಹೊಲೀತೀರಿ?"

ಅವಳು ಅವನ ಕಾಲರಿನ ಕಡೆ ನೋಡಿದಳು. ಅಲ್ಲಿಂದ ಕತ್ತು, ಕತ್ತಿನಿಂದ ಗಲ್ಲದ ಮೇಲಿನ ಸಣ್ಣ ಮಚ್ಚೆ. ಅಲ್ಲಿ ದೃಷ್ಟಿ ಒಂದು ಗಳಿಗೆ ಕೂತೇಬಿಟ್ಟಿತು. ತಲೆಯೆತ್ತಿದರೆ ಅವನು ಅವಳನ್ನೇ ನೋಡುತ್ತಿದ್ದಾನೆ. ಮೂಲೆಯಲ್ಲಿ ಮೆಷಿನ್ ಗಕ್ಕನೆ ನಿಂತು, ಕತ್ತರಿ ಮಾಮ ಬೇಕೆಂದೇ ಜೋರಾಗಿ ಕೆಮ್ಮಿದರು.

ಎರಡನೇ ಚೌಕ ಗಿರಾಕಿಗಳದು. ಶಾಲೆಯೊಂದರ ನಾಟಕದ ಟೀಚರಮ್ಮ ಪ್ರತಿ ತಿಂಗಳೂ ಬರುವವರು, ಅವರ ಫೋನ್ ನಂಬರು ಹಳೆಯ ಶೀಟಿನ ತುಂಬ ಹರಡಿತ್ತು. ನಂಬರು ಬದಲಾದಾಗ ಅವಳು ಕೊನೆಯ ಸಾಲಿನಲ್ಲಿ ಮಾತ್ರ ತಿದ್ದಿದ್ದಳು. ಮಿಕ್ಕವು ಹಾಗೇ ಇದ್ದವು.

"ನೋಡಿ, ಇದೇ ಯಡವಟ್ಟು," ಅಂದ ಅವನು. ಪಾಠದ ಹುಮ್ಮಸ್ಸು ಬಂದರೆ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸುವುದು ಅವನ ರೂಢಿ. "ಒಂದು ಸಂಗತಿ ಒಂದೇ ಕಡೆ ಇರಬೇಕು. ಎರಡು ಕಡೆ ಬರೆದ್ರೆ ಒಂದನ್ನ ತಿದ್ದಿ ಇನ್ನೊಂದನ್ನ ಮರೀತೀವಿ. ಆಮೇಲೆ ಎರಡೂ ಬೇರೆ ಬೇರೆ ಕಥೆ ಹೇಳ್ತವೆ, ಯಾವುದು ನಿಜ ಅಂತ ದೇವರೇ ಬಂದು ಹೇಳಬೇಕು."

ಕನ್ನಡಕವಿಲ್ಲದ ಅವನ ಕಣ್ಣುಗಳು ಎಷ್ಟು ಚೆನ್ನಾಗಿವೆ ಎಂದು ಅವಳು ಅಂದುಕೊಳ್ಳುತ್ತಿದ್ದಳು. ಪಾಠ ಹೇಗೋ ತಲೆಗೆ ಹೋಯಿತು.

ಮೂರನೇ ಪಾಠದಲ್ಲಿ ಅವಳೇ ತಕರಾರು ತೆಗೆದಳು. "ಕೊಂಡೊಯ್ದ ತಾರೀಖು ಎಲ್ಲಿ ಬರೀಲಿ? ಬಟ್ಟೆ ಪಕ್ಕ ಬರೆದ್ರೆ, ಆ ಬಟ್ಟೆ ಹತ್ತು ಜನರ ಮೈಮೇಲೆ ಹೋಗತ್ತೆ. ಗಿರಾಕಿ ಪಕ್ಕ ಬರೆದ್ರೆ, ಅವರು ಹತ್ತು ಬಟ್ಟೆ ಒಯ್ತಾರೆ."

ಅವನ ಮುಖ ಅರಳಿತು. ಎರಡು ಚೌಕಗಳ ನಡುವೆ ಮೂರನೆಯದೊಂದನ್ನು ಎಳೆದ. "ಇದಕ್ಕೇ ಕಾಯ್ತಾ ಇದ್ದೆ. ಕೆಲವು ಸಂಗತಿ ಇವರದ್ದೂ ಅಲ್ಲ, ಅವರದ್ದೂ ಅಲ್ಲ. ಇಬ್ಬರ ನಡುವಿಂದು. ಅದಕ್ಕೇ ಅಂತ ಒಂದು ಜಾಗ ಮಾಡಬೇಕು. ಈ ಕಡೆಯಿಂದ ಒಂದು ನಂಬರ್, ಆ ಕಡೆಯಿಂದ ಒಂದು ನಂಬರ್, ಜೊತೆಗೆ ತಾರೀಖು."

"ಇಬ್ಬರಲ್ಲಿ ಒಬ್ಬರು ಇಲ್ದೇ ಹೋದ್ರೆ?"

"ಆ ಸಾಲೇ ಇರಲ್ಲ," ಅಂದ ಅವನು, ಅವಳನ್ನು ನೋಡದೆ, ಸೀಮೆಸುಣ್ಣವನ್ನು ಬೆರಳಲ್ಲಿ ತಿರುಗಿಸುತ್ತ.

ಆವತ್ತು ಅವನು ಹೋದಮೇಲೆ ಅವಳು ಕಪ್ಪು ಪರದೆಯನ್ನು ಕೊಡವಲಿಲ್ಲ. ನಡುವಿನ ಚೌಕ ಅಳಿಸಿಹೋಗದಂತೆ ಮೆಲ್ಲಗೆ ಮಡಿಸಿಟ್ಟಳು. ಪ್ರೀತಿ ಆಗಿಬಿಟ್ಟಿದೆ ಎಂದು ಅವಳಿಗೆ ಆಗ ಖಾತ್ರಿಯಾಯಿತು, ಖಾತ್ರಿಯಾಗಿ ಭಾರಿ ಖುಷಿಯೂ ಆಯಿತು.

ಖುಷಿ ಮಾರನೇ ದಿನ ಮಧ್ಯಾಹ್ನದವರೆಗೆ ಉಳಿಯಿತು. ಊಟಕ್ಕೆ ಕೂತಾಗ ಅತ್ತೆ ಅಂದರು, "ಬೇಗ ಬೇಗ ಕಲಿತು ಮುಗಿಸು ಕಣೇ. ಮೇಷ್ಟ್ರಿಗೆ ದೂರದ ಊರಲ್ಲಿ ದೊಡ್ಡ ಕೆಲಸ ಸಿಕ್ಕಿದೆಯಂತೆ. ನಮ್ಮ ಕೆಲಸ ಮುಗಿದ ತಕ್ಷಣ ಹೊರಟುಹೋಗ್ತಾರೆ. ಪಾಪ, ಬಂದ ಹೊಸದರಲ್ಲೇ ಹೇಳಿದ್ರು."

ಅವಳು ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಹಾಕಿದಳು. ನಮ್ಮ ಕೆಲಸ ಮುಗಿದ ತಕ್ಷಣ! ಮುಗಿಯಲು ಉಳಿದಿದ್ದಾದರೂ ಏನು? ಮೂರು ಟೇಬಲ್ಲುಗಳೂ ಸಿದ್ಧವಾಗಿದ್ದವು. ಎರಡು ಪಾಠದಲ್ಲಿ ಎಲ್ಲ ಮುಗಿಯುತ್ತಿತ್ತು.

ಆಗ ಅವಳಿಗೊಂದು ಉಪಾಯ ಹೊಳೆಯಿತು. ಬುದ್ಧಿವಂತರಿಗೆ ಪ್ರೀತಿಯಾದಾಗ ಹೊಳೆಯುವ ಉಪಾಯಗಳ ಗುಣಮಟ್ಟ ಲೋಕಕ್ಕೇ ಗೊತ್ತು. ಇದೂ ಆ ಜಾತಿಯದೇ. ಮುಂದಿನ ಪಾಠಕ್ಕೆ ಅವನು ಬಂದು ನೋಡಿದರೆ, ಗಿರಾಕಿಗಳ ಟೇಬಲ್ಲಿನಲ್ಲಿ 'ಫೋನ್ ಒಂದು', 'ಫೋನ್ ಎರಡು', 'ಫೋನ್ ಮೂರು' ಎಂಬ ಕಾಲಂಗಳು ಸಾಲಾಗಿ ಹಲ್ಲು ಕಿರಿಯುತ್ತಿದ್ದವು.

"ಯಾರಿಗಾದ್ರೂ ನಾಲ್ಕು ಫೋನಿದ್ರೆ?" ಎಂದು ಅವನು ತಾಳ್ಮೆಯಿಂದ ಕೇಳಿದ.

"ನಾಲ್ಕನೇ ಕಾಲಂ ಹಾಕ್ತೀನಿ," ಅಂದಳು ಏನೂ ತಿಳಿಯದವಳ ಹಾಗೆ.

ಅವನು ಮತ್ತೆ ಮೊದಲಿಂದ ಹೇಳಿಕೊಟ್ಟ. ಅದರ ಮುಂದಿನ ಸಲ ಬಟ್ಟೆಯ ನಂಬರ್ ತೆಗೆದುಹಾಕಿ, ಬಣ್ಣವನ್ನೇ ಕೀ ಮಾಡಿದ್ದಳು. ಇನ್ನೊಂದು ಸಲ ಗಿರಾಕಿಯ ವಿಳಾಸವನ್ನು ಕಿರೀಟಗಳ ಪಕ್ಕ ಬರೆದಿದ್ದಳು. ಪಾಠಗಳೇನೋ ಬೆಳೆದವು. ಆದರೆ ಅವನ ನಗು ದಿನೇ ದಿನೇ ಕಡಿಮೆಯಾಯಿತು. ಕನ್ನಡಕ ಒರೆಸುವುದನ್ನೂ ಬಿಟ್ಟ. ಅದು ಅವಳ ಕಣ್ಣಿಗೆ ಬೀಳದೆ ಇರಲಿಲ್ಲ. ಆದರೂ ನಿಲ್ಲಿಸಲಿಲ್ಲ, ನಿಲ್ಲಿಸಿದರೆ ಅವನು ಹೊರಟುಹೋಗುತ್ತಾನಲ್ಲ.

ಒಂದು ಗುರುವಾರ ಅವನು ಬಂದವನು ಕೂರಲೇ ಇಲ್ಲ.

"ನಂಗೆ ಕಲಿಸೋಕೆ ಬರ್ತಾ ಇಲ್ಲ ಅನ್ಸತ್ತೆ," ಅಂದ. "ಮೊದಲು ಎಷ್ಟು ಚೆನ್ನಾಗಿ ಮಾಡ್ತಿದ್ರಿ. ಈಗ ನಿಮಗೆ ಇದ್ರಲ್ಲಿ ಮನಸ್ಸಿಲ್ಲ. ನಾನು ಬರೋದೇ ಬೇಜಾರಾಗಿದೆಯೇನೋ, ಬಾಯಿಬಿಟ್ಟು ಹೇಳೋಕೆ ಸಂಕೋಚ. ನಮ್ಮ ಕಾಲೇಜಲ್ಲಿ ನನಗಿಂತ ಅನುಭವ ಇರೋ ಮೇಡಂ ಒಬ್ಬರಿದ್ದಾರೆ. ನಾಳೆಯಿಂದ ಅವರು ಬರ್ತಾರೆ."

ಅವಳು ಮೇಜು ಸುತ್ತಿಕೊಂಡು ಬಾಗಿಲಿಗೆ ಬಂದಳು. ಅಷ್ಟರಲ್ಲಿ ಅವನು ಮೆಟ್ಟಿಲಿಳಿದು ಹೋಗಿಯಾಗಿತ್ತು.

"ಏನಮ್ಮಾ ಇದು?" ಕತ್ತರಿ ಮಾಮ ಮೆಷಿನ್ ಬಿಟ್ಟು ಎದ್ದರು. "ಬೇಡ ಅಂತ ಬಿಟ್ಟಿದ್ದ ಆ ದೂರದೂರಿನ ಕೆಲಸಾನ ಆ ಹುಡುಗ ಮತ್ತೆ ಹೋಗಿ ಕೇಳ್ಕೊಂಡಿದಾನೆ. ಇವತ್ತು ಐದು ಗಂಟೆಗೆ ಅವರು ಫೋನ್ ಮಾಡ್ತಾರಂತೆ. ಇವನು ಬರ್ತೀನಿ ಅಂದ್ರೆ ಆಯ್ತು, ಮುಗೀತು."

"ಬೇಡ ಅಂತ ಬಿಟ್ಟಿದ್ರಾ?"

"ಹೂಂ ಮತ್ತೆ. ಇಲ್ಲೇ ಇರ್ತೀನಿ ಮಾಮ, ಬೇಡ ಅಂದುಬಿಟ್ಟೆ ಅಂತ ನನ್ನ ಹತ್ರ ಹೇಳಿ ತಿಂಗಳಾಯ್ತು."

"ಎಲ್ಲಿಂದ ಬಿಟ್ರು?" ಅತ್ತೆ ಕಿರೀಟ ಹಿಡಿದುಕೊಂಡೇ ಹೊರಗೆ ಬಂದರು. "ನನಗೆ ಹೇಳಿದ್ದು ಹೋಗ್ತೀನಿ ಅಂತ."

"ಅದು ಮುಂಚೆ. ಆಮೇಲೆ ಮನಸ್ಸು ಬದಲಾಯಿಸಿದ."

"ನನಗೆ ಯಾರು ಹೇಳಿದ್ರು ಬದಲಾಯಿಸಿದ ಅಂತ?"

"ನೀವು ಕೇಳಿದ್ರಾ?"

ಇಬ್ಬರ ವಾದ ಕಾವೇರುವ ಹೊತ್ತಿಗೆ ಅವಳು ಬೀದಿಯಲ್ಲಿದ್ದಳು. ಚಪ್ಪಲಿ ಮೆಟ್ಟಿರಲಿಲ್ಲ. ಅಳತೆಯ ಟೇಪು ಕೊರಳಲ್ಲಿ ಹಾರುತ್ತಿತ್ತು. ಬಸ್ ಸ್ಟಾಪಿನ ಬೆಂಚಿನ ಮೇಲೆ ಅವನು ಫೋನನ್ನು ಕೈಯಲ್ಲಿ ಹಿಡಿದು ಕೂತಿದ್ದ.

"ಮೇಷ್ಟ್ರೇ!" ಏದುಸಿರಿನಲ್ಲೇ ಶುರು ಮಾಡಿದಳು. "ನಿಮಗೆ ಪಾಠ ಹೇಳೋಕೆ ಬರಲ್ಲ ಅನ್ನೋದು ಸುಳ್ಳು. ಹೇಳಿದ್ದನ್ನ ಪಾಲಿಸೋಕೆ ಬರಲ್ಲ, ಅಷ್ಟೇ!"

ಅವನು ಗಾಬರಿಯಿಂದ ಎದ್ದು ನಿಂತ.

"ಒಂದು ಸಂಗತಿ ಒಂದೇ ಕಡೆ ಇರಬೇಕು ಅಂದೋರು ಯಾರು? ಹೋಗ್ತೀನಿ ಅಂತ ನಮ್ಮತ್ತೆ ಹತ್ರ ಹೇಳ್ತೀರಿ. ಹೋಗಲ್ಲ ಅಂತ ಕತ್ತರಿ ಮಾಮನ ಹತ್ರ ಹೇಳ್ತೀರಿ. ಅಲ್ಲಿ ತಿದ್ದಿ ಇಲ್ಲಿ ಬಿಟ್ಟಿದ್ದೀರಿ. ನಾನು ಹಳೇದನ್ನೇ ನಂಬಿಕೊಂಡು ತಿಂಗಳಿಂದ ಸಾಯ್ತಾ ಇದ್ದೀನಿ!"

"ಸಾಯ್ತಾ…? ಯಾಕೆ?"

"ಯಾಕೆ ಅಂತೆ! ಕೆಲಸ ಮುಗಿದ ತಕ್ಷಣ ಹೋಗ್ತಾರೆ ಅಂದ್ರು. ಮುಗೀಬಾರದು ಅಂತ ನಾನೇ ಎಲ್ಲಾ ಕೆಡಿಸ್ತಾ ಕೂತೆ."

ಅವನು ಕನ್ನಡಕ ತೆಗೆದ. ಒರೆಸಲಿಲ್ಲ, ಸುಮ್ಮನೆ ಹಿಡಿದುಕೊಂಡ. "ಮೂರು ಫೋನ್ ಕಾಲಂ… ಬೇಕಂತ ಹಾಕಿದ್ರಾ?"

"ಹೂಂ."

"ಬಣ್ಣಾನೇ ಕೀ ಮಾಡಿದ್ದು?"

"ಅದೂ."

"ಕಿರೀಟದ ಪಕ್ಕ ಗಿರಾಕಿ ವಿಳಾಸ?"

ಅವಳು ತಲೆ ತಗ್ಗಿಸಿದಳು. "ಅದೊಂದು ನಿಜವಾಗ್ಲೂ ತಪ್ಪಾಗಿದ್ದು."

ಅವನು ನಕ್ಕ. ವಾರಗಟ್ಟಲೆ ಕೂಡಿಟ್ಟಿದ್ದೆಲ್ಲ ಒಟ್ಟಿಗೆ ಹೊರಬಂದಂತೆ ನಕ್ಕ. ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಿದ್ದ ಹೆಂಗಸೊಬ್ಬರು ತಮ್ಮ ಚೀಲವನ್ನು ಮಡಿಲಿಗೆ ಎಳೆದುಕೊಂಡು ಈ ಕಡೆಗೇ ತಿರುಗಿ ಕೂತರು. ಬಂದ ಬಸ್ಸನ್ನೂ ಹೋಗಲು ಬಿಟ್ಟರು.

"ಕತ್ತರಿ ಮಾಮನಿಗೆ ಹೇಳೋದು ಸುಲಭ ಇತ್ತು," ಅಂದ ಅವನು. "ನಿಮ್ಮ ಹತ್ರ ಹೇಳಿದ್ರೆ ಯಾಕೆ ಹೋಗಲ್ಲ ಅಂತ ಕೇಳ್ತೀರಿ. ಆಗ ಕಾರಣಾನೂ ಹೇಳಬೇಕಾಗತ್ತೆ."

"ಈಗ ಕೇಳ್ತಾ ಇದ್ದೀನಿ. ಯಾಕೆ ಹೋಗಲ್ಲ?"

ಪಾಠದಲ್ಲಿ ಹರಳು ಹುರಿದಂತೆ ಮಾತಾಡುವವನು ಈಗ ಕನ್ನಡಕವನ್ನು ಮೂಗಿಗೇರಿಸಿಕೊಂಡು, ಜಾರಿದ್ದನ್ನು ಮತ್ತೆ ಮೇಲೆ ತಳ್ಳಿದ. ಕಿವಿಗಳು ಆ ಮೊದಲ ದಿನಕ್ಕಿಂತ ಕೆಂಪಗಾದವು. "ನಿಮ್ಮನ್ನ ಬಿಟ್ಟು ಹೋಗೋಕೆ ಆಗಲ್ಲ," ಅಂದ ಕೊನೆಗೆ. "ನೀವಂದ್ರೆ ನಂಗೆ ತುಂಬಾ ಇಷ್ಟ. ಇದನ್ನ ಬೇರೆ ಯಾರ ಹತ್ರಾನೂ ಹೇಳಿಲ್ಲ, ನಿಮ್ಮಾಣೆ."

ಅವಳಿಗೆ ಅಳು ಬರುವಂತಾಗಿ ನಗು ಬಂತು. ಬರಿಗಾಲಿಗೆ ಸುಡುತ್ತಿದ್ದ ರಸ್ತೆ ಆಗಷ್ಟೇ ಅರಿವಿಗೆ ಬಂದು, ಒಂದು ಕಾಲೆತ್ತಿ ಇನ್ನೊಂದರ ಮೇಲಿಟ್ಟಳು, ತೂಕ ತಪ್ಪಿತು. ಅವನು ಕೈಹಿಡಿದು ನಿಲ್ಲಿಸಿದ. ನಿಂತ ಮೇಲೂ ಬಿಡಲಿಲ್ಲ. ಅವಳೂ ಬಿಡಿಸಿಕೊಳ್ಳಲಿಲ್ಲ.

"ನಂಗೂ," ಅಂದಳು. "ನೀವಂದ್ರೆ ಪ್ರಾಣ."

ಫೋನ್ ಹೊಡೆದುಕೊಳ್ಳತೊಡಗಿತು. ಇಬ್ಬರೂ ಅದನ್ನೇ ನೋಡಿದರು. ಅವನು ಒಂದೇ ಕೈಯಲ್ಲಿ ಅದನ್ನು ಕಿವಿಗೆ ಹಿಡಿದ.

"ಹೌದು ಸರ್, ನಾನೇ. ಕ್ಷಮಿಸಿ ಸರ್, ಬರೋಕಾಗಲ್ಲ… ಇಲ್ಲ ಸರ್, ಸಂಬಳದ ಮಾತಲ್ಲ. ಇಲ್ಲಿ ಒಂದು ಕೆಲಸ ಒಪ್ಪಿಕೊಂಡಿದ್ದೀನಿ… ಸರ್? ಒಂದು ನಿಮಿಷ." ಫೋನನ್ನು ಎದೆಗೆ ಒತ್ತಿ ಹಿಡಿದು ಅವಳ ಕಡೆ ಬಾಗಿದ. "ಎರಡು ತಿಂಗಳು ಬೇಕಾದ್ರೂ ಕಾಯ್ತಾರಂತೆ. ಇಲ್ಲಿನ ಕೆಲಸ ಯಾವಾಗ ಮುಗಿಯತ್ತೆ ಅಂತ ಕೇಳ್ತಿದ್ದಾರೆ. ಏನು ಹೇಳ್ಲಿ?"

ಅವಳು ಅವನ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡು ಅವನ ಕಿವಿಯಲ್ಲಿ ಉತ್ತರ ಹೇಳಿದಳು.

ಅವನು ಫೋನನ್ನು ಮತ್ತೆ ಕಿವಿಗಿಟ್ಟ.

"ಸರ್," ಅಂದ, ಅವಳನ್ನೇ ನೋಡುತ್ತ, "ಜೀವಮಾನ ಪೂರ್ತಿ ಬೇಕಾಗತ್ತಂತೆ."