ಮೂವತ್ತೇಳು ಡಿಗ್ರಿ

2008ರ ಶ್ರಾವಣದಲ್ಲಿ, ಮುಂಬೈ ಹತ್ತಿರದ ಠಾಕುರ್ಲಿಯ ಚಾಳಿನ ಅಡುಗೆಮನೆಯೊಂದರಲ್ಲಿ ನಿಂತು ಒಬ್ಬ ಹೆಂಗಸು ರತ್ನಾವತಿಗೆ ಮಾತು ಕೊಟ್ಟಿದ್ದಳು: “ನಿಮ್ಮ ಮಗಳಿಗೆ ಯಾಕೆ ಹೀಗಾಯಿತು ಅಂತ ಗೊತ್ತಾಗುವವರೆಗೆ ಅವಳ ಜೀವಕೋಶ ಸಾಯ್ಲಿಕ್ಕೆ ನಾನು ಬಿಡುವುದಿಲ್ಲ.” ರತ್ನಾವತಿಯ ಅವಳಿ ಹೆಣ್ಣುಮಕ್ಕಳಲ್ಲಿ ಶ್ರದ್ಧಾ ಆ ತಿಂಗಳು ತೀರಿಕೊಂಡಿದ್ದಳು. ಒಂಬತ್ತು ವರ್ಷ. ಇನ್ನೊಬ್ಬಳು, ಮಾನಸಿ, ಚೆನ್ನಾಗಿಯೇ ಇದ್ದಳು.

ಇನ್‌ಸ್ಪೆಕ್ಟರ್ ಬಾಲಪ್ಪನಿಗೆ ಈ ಮಾತಿನ ವಿಷಯ ತಿಳಿದದ್ದು ಆರು ವರ್ಷಗಳ ಮೇಲೆ.

2014ರ ಏಪ್ರಿಲ್ 10, ಗುರುವಾರ ಬೆಳಿಗ್ಗೆ ಠಾಣೆಗೆ ದೂರು ಬಂತು. ದೂರುದಾರ ವಸಂತಕುಮಾರ, ಮಹಾಪೆಯ ಒಂದು ಖಾಸಗಿ ಸಂಶೋಧನಾ ಲ್ಯಾಬಿನ ನಿರ್ದೇಶಕ. ದ್ರವ ಸಾರಜನಕದ ಟ್ಯಾಂಕಿನಲ್ಲಿ ಹೆಪ್ಪುಗಟ್ಟಿಸಿ ಇಟ್ಟಿದ್ದ ಎರಡು ಸಣ್ಣ ಸೀಸೆಗಳು ಕಾಣೆಯಾಗಿದ್ದವು.

“ಸೀಸೆಯಾಗ ಏನಿತ್ರಿ?” ಬಾಲಪ್ಪ ಕೇಳಿದ. ಅಕ್ಕಲಕೋಟೆ ಕಡೆಯವನು. ಹಿಂದಿನ ರಾತ್ರಿ ಮಗಳಿಗೆ ಜ್ವರವಿದ್ದುದರಿಂದ ನಿದ್ದೆಯಾಗಿರಲಿಲ್ಲ.

“ರೋಗಿಗಳ ಚರ್ಮದ ಕೋಶಗಳು. ಆ ಪ್ರಾಜೆಕ್ಟ್ ಮುಚ್ಚಿದ್ದೇವೆ. ಎಲ್ಲ ಸುಡಬೇಕಿತ್ತು.”

“ಸುಡೋ ಮಾಲು ಕಳುವಾದ್ರ ನಿಮಗೇನು ಲುಕ್ಸಾನ?”

“ರೋಗಿಯ ಕೋಶ ಹೊರಗೆ ಹೋದರೆ ನನ್ನ ಲೈಸೆನ್ಸ್ ಹೋಗ್ತದೆ, ಇನ್‌ಸ್ಪೆಕ್ಟ್ರೇ.”

ನೌಕರನಿಂದ ಕಳವು ಎಂದು ಕಲಂ 381ರ ಕೆಳಗೆ ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಬಾಲಪ್ಪ, ಪೇದೆ ಹಿತೇಶನನ್ನು ಕರೆದುಕೊಂಡು ಲ್ಯಾಬಿಗೆ ಹೋದ. ಟ್ಯಾಂಕಿನ ಬೀಗ ಒಡೆದಿರಲಿಲ್ಲ.

“ಸಾಹೇಬ್, ಚಾವಿ ಮೂರೇ ಜನರ ಹತ್ರ,” ಹಿತೇಶ್ ಹೇಳಿದ. ಹುಟ್ಟಿದ್ದು ಡೊಂಬಿವಲಿಯಲ್ಲಿ, ಮನೆಮಾತು ತುಳು. ಕನ್ನಡ ಬಾಯಿಗೆ ಬರುವಷ್ಟರಲ್ಲಿ ಹಿಂದಿ ಮುಂದೆ ಬರುತ್ತಿತ್ತು. “ಡೈರೆಕ್ಟರ್, ಸ್ಟೋರ್‌ನ ದಯಾನಂದ, ಔರ್ ಏಕ್ ಮೇಡಂ. ಜಯಲತಾ.”

ದಯಾನಂದ ಒಂದು ವಾರ ರಜೆಯ ಮೇಲೆ ಊರಲ್ಲಿದ್ದು, ಆ ಬೆಳಿಗ್ಗೆಯಷ್ಟೇ ಮರಳಿದ್ದ. ರೈಲಿನ ಟಿಕೆಟ್ ತೋರಿಸಿದ.

“ಟ್ಯಾಂಕಿಂದ ಹೊರಗೆ ತೆಗೆದ್ರ ಅವು ಸಾಯ್ತಾವೇನು?” ಬಾಲಪ್ಪ ಅವನನ್ನು ಕೇಳಿದ.

“ಹಾಗೇ ಬಿಟ್ರೆ ಸತ್ತ ಹಾಗೇ. ಕರಗಿಸಿ ಬೆಳೆಸಿದ್ರೆ ಬದುಕ್ತಾವೆ. ಆದ್ರೆ ಮೈಬಿಸಿಯಷ್ಟೇ ಬಿಸಿಯಲ್ಲಿ ಇಡ್ಬೇಕು, ಎರಡು ಮೂರು ದಿನಕ್ಕೊಮ್ಮೆ ಬಾಟಲಿಯ ಗುಲಾಬಿ ಬಣ್ಣದ ನೀರು ಬದಲಿಸ್ಬೇಕು. ಅದೇ ಅವುಗಳ ಊಟ. ಮಕ್ಕಳ ರಗಳೆ, ಸಾರ್.”

ಶುಕ್ರವಾರ ಜಯಲತಾ ಠಾಣೆಗೆ ಬಂದಳು. ನಲವತ್ತು ದಾಟಿದ, ಉಡುಪಿ ಕಡೆಯ ವಿಜ್ಞಾನಿ.

“ಸೀಸೆ ಯಾರು ತಗೊಂಡ್ರು?”

“ನನಗೆ ಹೇಗೆ ಗೊತ್ತಾಗ್ಬೇಕು?”

“ಯಾರದ್ದದು?”

“ನಂಬರ್ ಮಾತ್ರ ಇರ್ತದೆ. ಹೆಸರು ಇರುವುದಿಲ್ಲ.”

ಹನ್ನೊಂದೂವರೆಯಿಂದ ಅವಳು ಗೋಡೆಯ ಗಡಿಯಾರ ನೋಡತೊಡಗಿದಳು. ಹನ್ನೆರಡಕ್ಕೆ ಚೀಲದ ಹಿಡಿಯನ್ನು ಬೆರಳಿಗೆ ಸುತ್ತಿಕೊಂಡಳು. “ನಾನು ಒಮ್ಮೆ ಮನೆಗೆ ಹೋಗಿ ಬರ್ಲಾ? ಸಾನಪಾಡಾ, ಹತ್ತಿರ ಉಂಟು.”

“ಮನ್ಯಾಗ ಸಣ್ಣ ಕೂಸು ಐತೇನ್ರಿ?”

“ಇಲ್ಲ. ನಾನು ಒಬ್ಬಳೇ ಇರುವುದು.”

ಬಾಲಪ್ಪ ಅವಳನ್ನು ಬಿಟ್ಟು ಕಳಿಸಿದ. ಅವಳ ರಿಕ್ಷಾ ಗೇಟು ದಾಟಿದ ಮೇಲೆ ಹಿತೇಶನಿಗೆ ಹೇಳಿದ: “ನಮ್ಮ ಮನ್ಯಾಕಿ ಡ್ಯೂಟಿಗೆ ಹೋದಾಗ, ಮಗಳು ಒಬ್ಬಾಕಿನ ಅದಾಳಂತ ನಾನೂ ಹಿಂಗ ಗಡಿಯಾರ ನೋಡ್ತೀನಿ. ಒಬ್ಬಾಕಿ ಇರೋ ಮನ್ಯಾಗ ಕಾಯೋರು ಯಾರೋ?”

“ಬೆಕ್ಕು ಇರ್ಬಹುದು, ಸಾಹೇಬ್.”

“ಬೆಕ್ಕಿಗೆ ಯಾರೂ ಅಷ್ಟು ಬೆವರಂಗಿಲ್ಲಲೇ.”

ಶನಿವಾರ ಬೆಳಿಗ್ಗೆ ಏಳಕ್ಕೆ ಮಹಿಳಾ ಪೇದೆ ಮತ್ತು ಇಬ್ಬರು ಪಂಚರೊಂದಿಗೆ ಸಾನಪಾಡಾದ ಮನೆಯ ಶೋಧ ನಡೆಯಿತು. ಅಡುಗೆಕಟ್ಟೆಯ ಮೂಲೆಯಲ್ಲಿ ಥರ್ಮಾಕೋಲ್ ಪೆಟ್ಟಿಗೆಯೊಂದು ಇತ್ತು. ಒಳಗೆ ಉರಿಯುತ್ತಿದ್ದ ಬಲ್ಬು, ಥರ್ಮಾಮೀಟರ್, ಗುಲಾಬಿ ಬಣ್ಣದ ನೀರಿನ ಎರಡು ಚಪ್ಪಟೆ ಬಾಟಲಿ.

ಜಯಲತಾ ಅಡ್ಡ ಬರಲಿಲ್ಲ. ಕುರ್ಚಿ ಎಳೆದು ಕುಳಿತಳು.

“ಅವಳಿ ಮಕ್ಕಳು, ಇನ್‌ಸ್ಪೆಕ್ಟ್ರೇ. ಇಬ್ಬರ ಜೀನೂ ಒಂದೇ. ಆದ್ರೆ ಯಾವ ಜೀನು ಕೆಲಸ ಮಾಡ್ಬೇಕು, ಯಾವುದು ಸುಮ್ಮನಿರ್ಬೇಕು ಅಂತ ಕೋಶದೊಳಗೆ ಸ್ವಿಚ್ ಇದ್ದ ಹಾಗೆ ಉಂಟು. ಶ್ರದ್ಧಾಳಲ್ಲಿ ಯಾವುದೋ ಒಂದು ಆಫ್ ಆಯಿತು. ಅದರ ಹಿಂದೆ ಅದಕ್ಕೆ ತಾಗಿಕೊಂಡದ್ದೆಲ್ಲ, ಬಲೆಯ ಒಂದು ಗಂಟು ಬಿಚ್ಚಿದ ಹಾಗೆ. ಮಾನಸಿಯಲ್ಲಿ ಆಗಲಿಲ್ಲ. ಯಾಕೆ? ಮುಂದೆ ಆಗ್ತದಾ? ಅದು ಗೊತ್ತಾಗ್ಬೇಕಾದ್ರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡ್ಬೇಕು.”

“ಆ ಹುಡುಗಿಯಿಂದ ಮತ್ತ ತಗೋಬಹುದಲ್ರಿ?”

“ಮಾನಸಿದ್ದು ತೆಗೀಬಹುದು. ಶ್ರದ್ಧಾಂದು ಎಲ್ಲಿಂದ ತರ್ಲಿ ಮಾರಾಯ್ರೆ? ಉಳಿದದ್ದು ಅದೊಂದೇ ಸೀಸೆ. ಬೇರೆ ಸಂಸ್ಥೆಯವರು ಮುಂದಿನ ತಿಂಗಳು ಜಾಗ ಕೊಡ್ತೇವೆ ಅಂದಿದ್ರು. ವಸಂತಕುಮಾರರಿಗೆ ಕೈಮುಗಿದೆ. ಸುಡುವ ತಾರೀಕು ಮುಂದೆ ಹಾಕ್ಲಿಲ್ಲ.”

ಆಮೇಲೆ ಅವಳು ಠಾಕುರ್ಲಿಯಲ್ಲಿ ತಾನು ರತ್ನಾವತಿಗೆ ಕೊಟ್ಟಿದ್ದ ಮಾತನ್ನು ಹೇಳಿದಳು.

ಪಂಚನಾಮೆ ಬರೆದು ಎಲ್ಲರ ಸಹಿ ಹಾಕಿಸಲಾಯಿತು. ಹಿತೇಶ್ ಬಾಟಲಿಗಳಿಗೆ ಅರಗಿನ ಸೀಲು ಹಾಕಲು ಬಂದಾಗ ಬಾಲಪ್ಪ ತಡೆದ.

“ಬಾಟಲಿ ಮುಟ್ಟಬ್ಯಾಡ. ಪೆಟ್ಟಿಗಿಗಷ್ಟೇ ಸೀಲ್ ಹಾಕು. ವೈರು ಹೊರಗಿರ್ಲಿ.”

“ಸಾಹೇಬ್, ಐಸಾ ಚಲ್ತಾ ಹೈ ಕ್ಯಾ?”

“ನಡೀತೈತಿ. ನಾ ಬರ್ಕೋತೀನಿ.”

ಮಹಿಳಾ ಪೇದೆಯೊಂದಿಗೆ ಮೆಟ್ಟಿಲಿಳಿಯುವಾಗ ಜಯಲತಾ ತಿರುಗಿ ಅಂದಳು: “ಮೂವತ್ತೇಳು ಡಿಗ್ರಿ, ಇನ್‌ಸ್ಪೆಕ್ಟ್ರೇ. ದಯವಿಟ್ಟು.”

ಜಪ್ತಿ ಮಾಡಿದ ಸಾಮಾನು ಇಡುವ ಠಾಣೆಯ ಮುದ್ದೇಮಾಲು ಕೋಣೆ ಹಿತ್ತಲಿನಲ್ಲಿದೆ. ಮೇಲೆ ತಗಡು. ಬಾಲಪ್ಪ ಪೆಟ್ಟಿಗೆಯನ್ನು ತಾನೇ ಹೊತ್ತು ತಂದು ಪ್ಲಗ್ ಚುಚ್ಚಿದ. ಸೀಳಿನಲ್ಲಿ ಬೆಳಕು ಕಂಡಿತು. ಕೋಣೆಯ ಹವಾಲ್ದಾರ ಮಾಪಣ್ಣ ಬಾಗಿಲಲ್ಲಿ ಗೊಣಗಿದ.

“ನಾ ರೋಜ್ ಮೇನ್ ಸ್ವಿಚ್ ಬಂದ್ ಮಾಡಿ ಹೋಗಾಂವ ಸಾಹೇಬ್ರ. ಬೆಂಕಿ ಬಿತ್ತಂದ್ರ?”

“ಇದೊಂದು ಬಂದ್ ಮಾಡಬ್ಯಾಡ. ಕೂಸು ಐತಿ ಅಂತ ತಿಳ್ಕೊ.”

ಸಂಜೆ ಠಾಕುರ್ಲಿಗೆ ಹೋಗಿ ಅವನು ರತ್ನಾವತಿಯ ಹೇಳಿಕೆ ಪಡೆದ. ಹೇಳಿಕೆ ಮುಗಿದ ಮೇಲೂ ಅವಳು ಏಳಲಿಲ್ಲ. ಹದಿನೈದು ವರ್ಷದ ಮಾನಸಿ ಬಾಗಿಲಿಗೆ ಒರಗಿ ನಿಂತಿದ್ದಳು.

“ಅದು ಈಗಲೂ ಜೀವ ಉಂಟಾ, ಸಾರ್?” ರತ್ನಾವತಿ ಕೇಳಿದಳು.

“ಐತ್ರಿ. ಬೆಚ್ಚಗ ಇಟ್ಟೀನಿ.”

“ಆಯೀ, ಬಸ್ ನಾ,” ಮಾನಸಿ ಸಾಕು ಮಾಡೆಂಬಂತೆ ತಾಯಿಗೆ ಅಂದಳು. ಆದರೆ ತಾನೇ ಹೋಗಿ ಅವನಿಗೆ ಚಹಾ ತಂದುಕೊಟ್ಟಳು.

ಭಾನುವಾರ ರಜಾ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿದಾಗ ಜಯಲತಾಳಿಗೆ ಜಾಮೀನು ಸಿಕ್ಕಿತು. ಬಾಟಲಿಗಳನ್ನು ತಜ್ಞರ ವಶಕ್ಕೆ ಕೊಡುವ ಅರ್ಜಿಯನ್ನು ಮಾತ್ರ ರೆಗ್ಯುಲರ್ ಕೋರ್ಟಿಗೇ ಹಾಕಿ ಅಂದರು. ಸೋಮವಾರ ಅಂಬೇಡ್ಕರ್ ಜಯಂತಿ, ಕೋರ್ಟಿಗೆ ರಜೆ. ಬಾಲಪ್ಪ ಮೆರವಣಿಗೆಯ ಬಂದೋಬಸ್ತಿನಲ್ಲಿದ್ದ. ನಡುವೆ ಎರಡು ಸಲ ಫೋನ್ ಮಾಡಿ ಕೇಳಿದ: “ಮಾಪಣ್ಣ, ಲೈಟ್ ಐತೇನು?”

“ಐತ್ರಿ. ಬಂದ್ ಮಾಡಿಲ್ರಿ.”

ಮಂಗಳವಾರ ಮಧ್ಯಾಹ್ನ ಆದೇಶ ಬಂತು. ಪಂಚರ ಎದುರು, ಜಯಲತಾ ನೋಡುತ್ತಿದ್ದಂತೆ ಹಿತೇಶ್ ಸೀಲು ಒಡೆದ. ಬಿಸಿಗಾಳಿ ಮುಖಕ್ಕೆ ಬಡಿಯಿತು. ಥರ್ಮಾಮೀಟರ್ ನಲವತ್ತಾರು ತೋರಿಸುತ್ತಿತ್ತು.

ಜಯಲತಾ ಮೊದಲು ಬಾಟಲಿ ನೋಡಲಿಲ್ಲ. ತಗಡಿನ ಮಾಡು ನೋಡಿದಳು.

“ಮಧ್ಯಾಹ್ನ ಬಲ್ಬ್ ಆಫ್ ಮಾಡ್ಲಿಲ್ವಾ?” ಮೆಲ್ಲಗೆ ಕೇಳಿದಳು. “ಈ ಬಿಸಿಲಿಗೆ ನಾನು ದಿನಾ ಹನ್ನೆರಡಕ್ಕೆ ಮನೆಗೆ ಓಡ್ತಿದ್ದದ್ದು ಅದಕ್ಕೇ ಅಲ್ವಾ.”

“ನಾ ಬಂದ್ ಮಾಡಾಂವನ ಇದ್ನಿ,” ಮಾಪಣ್ಣ ಅಂದ. “ಸಾಹೇಬ್ರ ಬ್ಯಾಡ ಅಂದ್ರು.”

ಅವಳು ಬಾಟಲಿಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಳು. ತಳಕ್ಕೆ ಅಂಟಿಕೊಂಡಿರಬೇಕಾದ ಕೋಶಗಳು ಬಿಟ್ಟುಕೊಂಡು, ನೀರಿನಲ್ಲಿ ಬಿಳಿ ಪುಡಿಯಾಗಿ ತೇಲುತ್ತಿದ್ದವು. ಎರಡನೆಯದೂ ಹಾಗೆಯೇ.

ಬಾಲಪ್ಪ ಪಂಚನಾಮೆಯಲ್ಲಿ ತಾಪಮಾನ ಬರೆದ. ಬಲ್ಬು ಯಾರ ಆದೇಶದ ಮೇಲೆ ಉರಿಯುತ್ತಿತ್ತು ಎಂಬಲ್ಲಿ ತನ್ನ ಹೆಸರು ಬರೆದ. ಕೇಸ್ ಡೈರಿಯಲ್ಲಿ ಕಳವಿನ ಕಾರಣ ಎಂಬಲ್ಲಿ, ಆರೋಪಿಗೆ ಸ್ವಂತ ಲಾಭದ ಉದ್ದೇಶವಿರಲಿಲ್ಲ, ಮೃತ ಬಾಲಕಿಯ ತಾಯಿಗೆ ಕೊಟ್ಟ ಮಾತಿಗಾಗಿ ಕದ್ದದ್ದು, ಎಂದು ಬರೆದ.

ಆಮೇಲೆ ಥಾಣೆಯಲ್ಲಿ ರೈಲು ಬದಲಿಸಿ ಠಾಕುರ್ಲಿಗೆ ಹೋಗಿ ರತ್ನಾವತಿಗೆ ತಾನೇ ತಿಳಿಸಿದ. 2008ರಲ್ಲಿ ಆ ಅಡುಗೆಮನೆಯಲ್ಲಿ ಕೊಟ್ಟಿದ್ದ ಮಾತು ಮುರಿಯಿತು.