ಮೊದಲ ಮಾತು ಮನೆಯವರದು

ಅವರನ್ನು ಮೊದಲ ಸಲ ನೋಡಿದ ದಿನವೇ ನಾನು ವಾರ್ಡಿನಿಂದ ಹೊರಗೆ ಹಾಕಿದೆ. ಪ್ರೀತಿ ಹೀಗೂ ಶುರುವಾಗುತ್ತದೆ ಎಂದು ಆಗ ಯಾರಾದರೂ ಹೇಳಿದ್ದರೆ, ಅವರನ್ನೂ ಹೊರಗೆ ಹಾಕುತ್ತಿದ್ದೆ.

ಮಕ್ಕಳ ವಾರ್ಡಿನಲ್ಲಿ ನನ್ನದು ಒಂಬತ್ತು ವರ್ಷದ ಸರ್ವಿಸ್. ಬೆಳಗ್ಗೆ ಡಾಕ್ಟರುಗಳು ರೌಂಡ್ಸ್‌ಗೆ ಬರುವ ಮುಂಚೆ ಅಪ್ಪ, ಅಮ್ಮ, ಅಜ್ಜಿ, ಚೀಲ, ಫ್ಲಾಸ್ಕು ಎಲ್ಲವನ್ನೂ ಐದೇ ನಿಮಿಷದಲ್ಲಿ ಕಾರಿಡಾರಿಗೆ ಸಾಗಿಸುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಬೆನ್ನ ಹಿಂದೆ ನನ್ನನ್ನು ‘ಗೇಟು’ ಎನ್ನುತ್ತಿದ್ದರಂತೆ. ನಾನದನ್ನು ಹೊಗಳಿಕೆ ಎಂದೇ ತಿಳಿದುಕೊಂಡಿದ್ದೆ.

ನಾಲ್ಕು ದಿನದ ರಜೆ ಮುಗಿಸಿ ಬಂದ ಬೆಳಿಗ್ಗೆ ಅದು. ಹನ್ನೊಂದನೇ ಬೆಡ್ಡಿನ ಪಕ್ಕ ಒಬ್ಬ ಉದ್ದನೆಯ ಮನುಷ್ಯ ಮಂಡಿಯೂರಿ ಕೂತು, ಆರು ವರ್ಷದ ಹುಡುಗಿಯ ಕಾಲಿಗೆ ಬಟ್ಟೆ ಅಳೆಯುವ ಟೇಪು ಸುತ್ತುತ್ತಿದ್ದರು. ಕಿವಿಯ ಮೇಲೆ ಪೆನ್ಸಿಲು, ಪಕ್ಕದಲ್ಲಿ ನೋಟ್‌ಬುಕ್ಕು.

“ಏನ್ರೀ ಇದು, ಆಸ್ಪತ್ರೆನಾ ಟೈಲರ್ ಅಂಗಡಿನಾ? ರೌಂಡ್ಸ್ ಟೈಮು. ಹೊರಗಡೆ ನಡೀರಿ.”

“ನಾನು ಟೈಲರ್ರೇ ಸಿಸ್ಟರ್. ಆದ್ರೆ...”

“ಆದ್ರೆ ಗೀದ್ರೆ ಏನಿಲ್ಲ. ನಡೀರಿ.”

ಪಾಪ, ಎದ್ದು ಹೋದರು. ಬಾಗಿಲ ಬಳಿ ನಿಂತು, ಗೋಡೆಗೆ ಹೊಸದಾಗಿ ಅಂಟಿಸಿದ್ದ ಹಾಳೆಯ ಮೇಲೆ ಬೆರಳಿಟ್ಟು, ನನಗೆ ಕೇಳುವಷ್ಟೇ ದನಿಯಲ್ಲಿ ಓದಿದರು: “ಇನ್ನು ಮುಂದೆ ರೌಂಡ್ಸ್ ಹೊತ್ತಿನಲ್ಲಿ ಮನೆಯವರು ಮಗುವಿನ ಪಕ್ಕದಲ್ಲೇ ಇರಬೇಕು. ಮೊದಲ ಮಾತು ಮನೆಯವರದು, ಆಮೇಲೆ ಡಾಕ್ಟರದು.” ಕೆಳಗೆ ದೊಡ್ಡ ಡಾಕ್ಟರ ಸಹಿ.

ನಾನು ರಜೆಯಲ್ಲಿದ್ದಾಗ ವಾರ್ಡಿನ ಕಾನೂನೇ ಬದಲಾಗಿತ್ತು. ನನಗೆ ಎಲ್ಲಿ ಮುಖ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ದೊಡ್ಡ ಡಾಕ್ಟರೇ ಬಂದುಬಿಟ್ಟರು. ಅರವತ್ತರ ಹತ್ತಿರದ ಹೆಂಗಸು, ಮೆಲ್ಲಗೆ ಮಾತಾಡಿಯೇ ಎಲ್ಲರನ್ನೂ ನಡುಗಿಸುವವರು.

“ಇವರ್ಯಾಕೆ ಹೊರಗಿದಾರೆ?”

“ನೀರು ಕುಡಿಯೋಕೆ ಹೋಗಿದ್ದೆ ಡಾಕ್ಟ್ರೇ,” ಎಂದರು ಟೈಲರ್, ಸ್ವಲ್ಪವೂ ತಡವರಿಸದೆ.

ಒಳಗೆ ಬರುವಾಗ ನನ್ನ ಕಡೆ ನೋಡಲಿಲ್ಲ. ನೋಡಬಾರದೆಂದು ತುಂಬಾ ಕಷ್ಟಪಡುತ್ತಿದ್ದರು. ಮುಖವೆಲ್ಲ ಗಂಭೀರವಾಗಿತ್ತು, ತುಟಿಯ ಎಡ ಮೂಲೆಯೊಂದು ಮಾತ್ರ ಅವರ ಹಿಡಿತಕ್ಕೆ ಸಿಗದೆ ನಗುತ್ತಿತ್ತು. ನನಗೆ ಕೋಪ ಬರಬೇಕಿತ್ತು, ಬರಲಿಲ್ಲ.

ಹುಡುಗಿಯನ್ನು ಮನೆಯಲ್ಲಿ ಕರೆಯುವ ಹೆಸರು ಗುಂಡಿ. ಮಾವನ ಅಂಗಡಿಯಲ್ಲಿ ಗುಂಡಿಗಳ ಡಬ್ಬಿ ಇಟ್ಟುಕೊಂಡೇ ಬೆಳೆದವಳಂತೆ. ಕಿಡ್ನಿಯಿಂದ ಪ್ರೋಟೀನ್ ಸೋರಿಹೋಗಿ ಮೈಯಲ್ಲಿ ನೀರು ತುಂಬಿಕೊಳ್ಳುವ ಕಾಯಿಲೆ. ಮುಖ, ಹೊಟ್ಟೆ, ಕಾಲು ಎಲ್ಲ ಊದಿಕೊಂಡು, ಹೆಸರಿಗೆ ತಕ್ಕ ಹಾಗೆ ದುಂಡಗಾಗಿದ್ದಳು. ಅವಳಮ್ಮ ಎಂಟು ತಿಂಗಳ ಬಸುರಿ. ಹಾಸಿಗೆ ಬಿಟ್ಟು ಏಳಬಾರದೆಂದು ಅವರ ಡಾಕ್ಟರು ಹೇಳಿದ್ದರು. ಅಪ್ಪನಿಗೆ ಹಡಗಿನಲ್ಲಿ ಕೆಲಸ, ದಡ ಸೇರಲು ಇನ್ನೂ ಐದು ವಾರ. ಹಾಗಾಗಿ ತಾಯಿಯ ತಮ್ಮನಾದ ಇವರು ಅಂಗಡಿಗೆ ಬೀಗ ಹಾಕಿ ಬಂದು ಕೂತಿದ್ದರು.

ರೌಂಡ್ಸ್ ಹೊತ್ತಿಗೆ ಮೊಬೈಲನ್ನು ನೀರಿನ ಬಾಟಲಿಗೆ ಒರಗಿಸಿ ಅಕ್ಕನಿಗೆ ವೀಡಿಯೋ ಕಾಲ್ ಮಾಡುತ್ತಿದ್ದರು. ಆ ಅಕ್ಕ ಮಲಗಿದಲ್ಲಿಂದಲೇ ಇಡೀ ವಾರ್ಡು ನಡೆಸುತ್ತಿದ್ದರು. “ಡಾಕ್ಟ್ರೇ, ಅವಳು ಮಾತ್ರೆ ಕೆನ್ನೆ ಒಳಗೆ ಇಟ್ಕೋತಾಳೆ, ನುಂಗಿದೆ ಅಂದ್ರೆ ನಂಬಬೇಡಿ.” ನಿಜಕ್ಕೂ ಕೆನ್ನೆಯೊಳಗೆ ಮಾತ್ರೆ ಸಿಕ್ಕಿತು. ಒಂಬತ್ತು ವರ್ಷ ಇಂಥ ಅಮ್ಮಂದಿರನ್ನು ನಾನು ಕಾರಿಡಾರಿನಲ್ಲಿ ನಿಲ್ಲಿಸಿದ್ದೆನಲ್ಲ.

ಹೊಸ ಪದ್ಧತಿಯಲ್ಲಿ ಮನೆಯವರಿಗೂ ಕೆಲಸವಿತ್ತು. ಎಷ್ಟು ಕುಡಿದಳು, ಎಷ್ಟು ಮೂತ್ರ ಹೋಯಿತು ಎಂದು ಬರೆಯಬೇಕು. ಬೆಳಗಿನ ಮೂತ್ರದಲ್ಲಿ ಪರೀಕ್ಷೆಯ ಕಾಗದದ ಪಟ್ಟಿ ಅದ್ದಿ, ಬಣ್ಣ ನೋಡಿ ಪ್ರೋಟೀನ್ ಎಷ್ಟು ಪ್ಲಸ್ ಇದೆ ಎಂದು ಓದಲು ಕಲಿಯಬೇಕು. ಕಲಿಸುವವಳು ನಾನು.

“ಇದು ಯಾವ ಬಣ್ಣ ಹೇಳಿ.”

“ಗಿಳಿಹಸಿರು. ನಿಮ್ಮ ಚಾರ್ಟಲ್ಲಿರೋದು ಎಲೆಹಸಿರು, ಪಾಚಿಹಸಿರು. ಮಧ್ಯದಲ್ಲಿ ಒಂದು ಬಿಟ್ಟಿದಾರೆ.”

“ಟೈಲರ್ ಸಾಹೇಬ್ರೇ, ಲೈನಿಂಗ್ ಬಟ್ಟೆ ಮ್ಯಾಚ್ ಮಾಡ್ತಿಲ್ಲ ನಾವು. ಒಂದು ಪ್ಲಸ್ಸಾ, ಎರಡು ಪ್ಲಸ್ಸಾ?”

“ಒಂದೂವರೆ.”

ಗುಂಡಿ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ನಾನು ನಗುವಾಗ ಅವರು ಪಟ್ಟಿಯನ್ನು ಬಿಟ್ಟು ನನ್ನನ್ನು ನೋಡಿದರು. ನಾನು ನೋಡಿದ ಕೂಡಲೇ ಮತ್ತೆ ಪಟ್ಟಿಯನ್ನು ನೋಡಿದರು, ಅದರ ಮೇಲೆ ಏನೋ ಅಕ್ಷರ ಬರೆದಿದೆಯೇನೋ ಎನ್ನುವಂತೆ.

ಅಳತೆ ಮಾತ್ರ ಯಾರೂ ಹೇಳಿಕೊಡದ ಕೆಲಸ. ದಿನಾ ಬೆಳಿಗ್ಗೆ ಅವಳ ಹೊಟ್ಟೆ, ಎರಡೂ ಮೀನಖಂಡ, ಎರಡೂ ಪಾದ ಅಳೆದು, ಗಿರಾಕಿಯ ಆರ್ಡರು ಬರೆಯುವ ಹಾಗೆ ಬರೆದುಕೊಳ್ಳುತ್ತಿದ್ದರು. “ಊತ ಇಳೀತಿದ್ಯೋ ಇಲ್ವೋ ನನಗೆ ಕಣ್ಣಲ್ಲಿ ಗೊತ್ತಾಗಲ್ಲ. ಟೇಪಲ್ಲಿ ಗೊತ್ತಾಗುತ್ತೆ,” ಎಂದರು. ದೊಡ್ಡ ಡಾಕ್ಟರಿಗೆ ಆ ನೋಟ್‌ಬುಕ್ಕೆಂದರೆ ಇಷ್ಟ.

ಮೊದಲ ದಿನ ಸಿಸ್ಟರ್ ಎಂದವರು, ಮೂರನೇ ದಿನದಿಂದ ಬರೀ “ನೋಡಿ” ಎನ್ನತೊಡಗಿದರು. ಯಾಕೆ ಎಂದು ಕೇಳುವಷ್ಟು ದಡ್ಡಿ ನಾನಲ್ಲ.

“ನೋಡಿ, ನಿಮ್ಮ ಎಡ ಭುಜ ಬಲಕ್ಕಿಂತ ಒಂದು ಚೂರು ಕೆಳಗಿದೆ. ಯೂನಿಫಾರಂ ಹೊಲಿದವರು ಗಮನಿಸಿಲ್ಲ.”

“ನೀವ್ಯಾಕೆ ಗಮನಿಸಿದ್ರಿ?”

ಕಿವಿಯ ಮೇಲಿದ್ದ ಪೆನ್ಸಿಲು ಕೆಳಗೆ ಬಿತ್ತು. ಅದನ್ನು ಹುಡುಕಲು ಬೆಡ್ಡಿನ ಕೆಳಗೆ ಹೋದವರು ಎಷ್ಟು ಹೊತ್ತಾದರೂ ಮೇಲೆ ಬರಲಿಲ್ಲ. “ಮಾವನ ಕಿವಿ ಕೆಂಪಾಗಿದೆ,” ಎಂದು ಗುಂಡಿ ಬಗ್ಗಿ ನೋಡಿ ವರದಿ ಕೊಟ್ಟಳು. ಮೊಬೈಲಿನಿಂದ ಅಕ್ಕನ ದನಿ: “ಏನೋ ಅದು? ನನಗೂ ತೋರ್ಸೋ!”

ಹತ್ತನೇ ದಿನಕ್ಕೆ ಗುಂಡಿಯ ತೂಕ ಚೆನ್ನಾಗಿ ಇಳಿದಿತ್ತು. ನಾಳೆ ಮನೆಗೆ ಎಂದು ದೊಡ್ಡ ಡಾಕ್ಟರು ಹೇಳಿದರು. ಆ ಮಾತು ಕೇಳಿ ನರ್ಸಾಗಿ ಖುಷಿಪಟ್ಟೆ. ಆಮೇಲೆ ಔಷಧಿ ಕೋಣೆಗೆ ಹೋಗಿ, ಏನೂ ಬೇಕಿಲ್ಲದಿದ್ದರೂ ಕಪಾಟಿನ ಬಾಗಿಲು ತೆಗೆದು ನಿಂತೆ.

ಮಧ್ಯಾಹ್ನ ನನ್ನ ಡ್ಯೂಟಿ ಮುಗಿಯುವ ಹೊತ್ತಿಗೆ ಅವರು ಹತ್ತಿರ ಬಂದರು.

“ನೋಡಿ, ಎಡಗಾಲಿನ ಮೀನಖಂಡ ಬಲಗಾಲಿಗಿಂತ ಮುಕ್ಕಾಲು ಇಂಚು ಜಾಸ್ತಿ ಬರ್ತಿದೆ. ನಿನ್ನೆ ಎರಡೂ ಒಂದೇ ಇತ್ತು.”

“ಎಡಗಡೆ ತಿರುಗಿ ಮಲಗಿದ್ಲಲ್ಲ, ನೀರು ಆ ಕಡೆ ಇಳಿದಿರುತ್ತೆ. ಇಲ್ಲಾಂದ್ರೆ ಟೇಪ್ ಸಡಿಲ ಹಿಡಿದಿರ್ತೀರಿ.”

“ಹದಿನೆಂಟು ವರ್ಷದಿಂದ ಟೇಪ್ ಹಿಡೀತಿದೀನಿ.”

“ನಾಳೆ ಮನೆಗೆ ಹೋಗ್ತೀರಿ. ಖುಷಿಯಾಗಿರಿ,” ಎಂದೆ. ದನಿ ಯಾಕೋ ಗಡುಸಾಯಿತು. ನನ್ನ ತಲೆಯಲ್ಲಿ ಇದ್ದದ್ದು ‘ನಾಳೆ ಹೋಗ್ತಾರೆ’ ಎಂಬ ಒಂದೇ ಮಾತು. ಅವರು ಹೇಳಿದ್ದನ್ನು ಚಾರ್ಟಿನಲ್ಲಿ ಬರೆಯಲಿಲ್ಲ, ಮುಂದಿನ ಪಾಳಿಯವಳಿಗೂ ಹೇಳಲಿಲ್ಲ.

ಮರುದಿನ ರೌಂಡ್ಸ್. ಐದು ಜನ ಡಾಕ್ಟರು, ನಾನು, ಬಾಟಲಿಗೆ ಒರಗಿದ ಅಕ್ಕ.

“ಮೊದಲ ಮಾತು ನಿಮ್ಮದು,” ಎಂದರು ದೊಡ್ಡ ಡಾಕ್ಟರು.

ಅವರು ನೋಟ್‌ಬುಕ್ಕು ತೆರೆದರು. ನನ್ನ ಕಡೆ ನೋಡಿದರು. ತುಂಬ ಮೆದುವಾದ ನೋಟ. ಬೇರೆ ಯಾವ ದಿನವಾದರೂ ಅದನ್ನು ಮನೆಗೆ ಒಯ್ದು ವಾರಗಟ್ಟಲೆ ನೆನೆಯುತ್ತಿದ್ದೆ. ಆಮೇಲೆ ನೋಟ್‌ಬುಕ್ಕು ಮುಚ್ಚಿದರು.

“ಎಲ್ಲಾ ಚೆನ್ನಾಗಿದೆ ಡಾಕ್ಟ್ರೇ.”

ಮುಚ್ಚುವ ಮುಂಚೆ ನಾನು ಆ ಪುಟ ನೋಡಿದ್ದೆ. ಎಡಗಾಲಿನ ಅಳತೆಯ ಕೆಳಗೆ ಎರಡು ಗೆರೆ ಎಳೆದಿದ್ದರು. ನೀರು ಕುಡಿಯಲು ಹೋಗಿದ್ದೆ ಎಂದ ಮನುಷ್ಯ ಮತ್ತೊಮ್ಮೆ ನನ್ನ ಮಾನ ಉಳಿಸುತ್ತಿದ್ದರು. ಈ ಸಲ ಮಗುವಿನ ಕಾಲನ್ನು ಪಣಕ್ಕಿಟ್ಟು.

ಡಾಕ್ಟರು ಮುಂದಿನ ಬೆಡ್ಡಿಗೆ ತಿರುಗಿದ್ದರು. ನಾನು ಒಂದು ಹೆಜ್ಜೆ ಮುಂದೆ ಬಂದೆ.

“ಮೇಡಂ, ಮನೆಯವರು ನಿನ್ನೆ ಒಂದು ಮಾತು ಹೇಳಿದ್ರು. ಎಡಗಾಲು ಮುಕ್ಕಾಲು ಇಂಚು ದಪ್ಪ ಆಗಿದೆ ಅಂತ. ನಾನು ತಳ್ಳಿಹಾಕಿದೆ. ಬರೀಲೂ ಇಲ್ಲ. ತಪ್ಪು ನನ್ನದು.”

ದೊಡ್ಡ ಡಾಕ್ಟರು ಹೊದಿಕೆ ಸರಿಸಿ ಮೀನಖಂಡ ಮೆಲ್ಲಗೆ ಒತ್ತಿದರು. ಗುಂಡಿ “ಅಮ್ಮಾ” ಎಂದು ಕಾಲೆಳೆದುಕೊಂಡಳು. ಗಂಟೆಯೊಳಗೆ ಸ್ಕ್ಯಾನ್ ಆಯಿತು. ಈ ಕಾಯಿಲೆಯ ಮಕ್ಕಳಿಗೆ ಒಮ್ಮೊಮ್ಮೆ ಆಗುವ ಹಾಗೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಆ ಹೆಪ್ಪು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗಿದ್ದರೆ ಏನಾಗುತ್ತಿತ್ತು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಂಜೆಕ್ಷನ್ ಶುರುವಾಯಿತು.

ಮೊಬೈಲಿನಲ್ಲಿ ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಿದ್ದರು. “ಸಿಸ್ಟರ್, ನನಗೆ ನಿಮ್ಮ ಮೇಲೆ ಕೋಪ ಬಂದಿದೆ,” ಎಂದರು. “ಆದ್ರೆ ನೀವು ಹೇಳಿದ್ರಿ. ನನ್ನ ತಮ್ಮ ಹೇಳಲಿಲ್ಲ. ಅವನಿಗೆ ನನ್ನ ಪರವಾಗಿ ಚೆನ್ನಾಗಿ ಬೈರಿ.”

ಬೈದೆ. ಬಟ್ಟೆ ಕಪಾಟಿನ ಪಕ್ಕದ ಮೂಲೆಯಲ್ಲಿ ನಿಲ್ಲಿಸಿಕೊಂಡು ಬೈದೆ.

“ನನ್ನ ಮರ್ಯಾದೆ ಉಳಿಸ್ರಿ ಅಂತ ನಿಮ್ಮನ್ನ ಕೇಳಿದ್ನಾ? ಆ ಮಗುಗಿಂತ ನಾನು ದೊಡ್ಡವಳಾ ನಿಮಗೆ?”

“ಎಲ್ಲರೆದುರಿಗೆ ನಿಮ್ಮನ್ನ ಸಣ್ಣ ಮಾಡೋಕೆ ಮನಸ್ಸು ಬರಲಿಲ್ಲ. ನೀವು ಸರಿ ಇರ್ತೀರಿ ಅಂದುಕೊಂಡೆ... ಅಂದುಕೋಬೇಕು ಅನ್ನಿಸ್ತು.” ಟೇಪನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಇತ್ತು ಅವರ ಕೈ. ಸೂಜಿಗೆ ದಾರ ಪೋಣಿಸುವ ಕೈ. ಅದನ್ನು ಹಿಡಿದುಕೊಳ್ಳಬೇಕೆನಿಸಿತು. ಬೈಯುತ್ತಿರುವಾಗಲೇ ಹಾಗನಿಸಿದ್ದು ನನಗೆ ಭಯ ತಂದಿತು.

ನಡೆದದ್ದನ್ನೆಲ್ಲ ಬರೆದು ಇನ್‌ಚಾರ್ಜ್ ಸಿಸ್ಟರಿಗೆ ಕೊಟ್ಟೆ. ಅದರ ಜೊತೆಗೆ, “ನನ್ನನ್ನ ಹನ್ನೊಂದನೇ ಬೆಡ್ಡಿಂದ ತೆಗೀರಿ,” ಎಂದೆ.

“ಯಾಕೆ, ಅವರ ಜೊತೆ ಜಗಳನಾ?”

“ಬರೀ ಜಗಳ ಆಗಿದ್ರೆ ಕೇಳ್ತಿರಲಿಲ್ಲ.”

ಅವರು ಕನ್ನಡಕದ ಮೇಲಿಂದ ನನ್ನನ್ನು ಒಮ್ಮೆ ನೋಡಿ, ಬೋರ್ಡಿನಲ್ಲಿ ನನ್ನ ಹೆಸರು ಒರೆಸಿದರು.

ಎಂಟು ದಿನ ನಾನು ವಾರ್ಡಿನ ಇನ್ನೊಂದು ತುದಿಯಲ್ಲಿದ್ದೆ. ಹನ್ನೊಂದರ ಕಡೆ ಹೋಗಲಿಲ್ಲ. ಕಿವಿ ಮಾತ್ರ ಅಲ್ಲೇ ಇತ್ತು. ದಿನಾ ಬೆಳಿಗ್ಗೆ ಅವರ ಮಾತು ಕೇಳುತ್ತಿತ್ತು, ಮುಂಚಿಗಿಂತ ಗಟ್ಟಿಯಾಗಿ: “ಡಾಕ್ಟ್ರೇ, ನನಗೆ ಇದು ಅರ್ಥ ಆಗ್ಲಿಲ್ಲ, ಇನ್ನೊಂದ್ಸಲ ಹೇಳಿ.” “ಡಾಕ್ಟ್ರೇ, ನಿನ್ನೆ ಇಂಜೆಕ್ಷನ್ ಅರ್ಧ ಗಂಟೆ ತಡ ಆಯ್ತು.” ಒಂದು ಬೆಳಿಗ್ಗೆ ಹೊಸ ನರ್ಸಿನ ಮುಂದೆ ಅವರೇ ಗುಂಡಿಗೆ ಇಂಜೆಕ್ಷನ್ ಕೊಟ್ಟರು. ಮನೆಯಲ್ಲಿ ಇನ್ನು ಅವರೇ ಕೊಡಬೇಕಿತ್ತು. ಗುಂಡಿ ಅಳಲಿಲ್ಲ. ನನಗೆ ಕಣ್ಣು ತುಂಬಿತು.

ಬಿಡುಗಡೆಯ ದಿನ, ಹನ್ನೊಂದು ಗಂಟೆಗೆ, ಅವರು ವೀಲ್‌ಚೇರ್ ತಳ್ಳಿಕೊಂಡು ನಾನಿದ್ದ ತುದಿಗೇ ಬಂದರು. ಗುಂಡಿಯ ಮುಖ ಸಣ್ಣಗಾಗಿ, ಅವಳಿಗೆ ಚೂಪು ಗಲ್ಲವಿದೆಯೆಂದು ನನಗೆ ಅವತ್ತೇ ಗೊತ್ತಾಯಿತು.

“ಕೋಪ ಇನ್ನೂ ಇಳಿದಿಲ್ವಾ?” ಎಂದರು. “ನನ್ನ ಮುಖ ನೋಡೋಕಾಗದೆ ಬೆಡ್ಡೇ ಬಿಟ್ರಿ. ಅಷ್ಟು ಅಸಹ್ಯ ಆಯ್ತಾ?”

ನಾನು ಡ್ರಿಪ್ ಸ್ಟ್ಯಾಂಡ್ ಗಟ್ಟಿಯಾಗಿ ಹಿಡಿದುಕೊಂಡೆ.

“ಬೆಡ್ ಬಿಟ್ಟಿದ್ದು ಕೋಪಕ್ಕಲ್ಲ. ನೀವು ನನಗೋಸ್ಕರ ಸುಮ್ಮನಾದ್ರಿ. ನೀವು ಹೋಗ್ತೀರಿ ಅಂತ ನಾನು ಕಾಲು ನೋಡೋದೇ ಮರೆತೆ. ಇಬ್ಬರೂ ಇಂಥವರಾದ್ರೆ ಮಗುಗೆ ಗತಿ ಯಾರು? ಅವಳಿಗೆ ತಲೆ ಸರಿ ಇರೋ ನರ್ಸ್ ಬೇಕಿತ್ತು. ನನಗೆ ನಿಮ್ಮ ಮೇಲೆ ಪ್ರೀತಿ ಆಗಿತ್ತು. ಅದಕ್ಕೇ ಬಿಟ್ಟೆ.”

ಅವರು ವೀಲ್‌ಚೇರಿನ ಹಿಡಿ ಬಿಟ್ಟು ನಿಂತರು. ಪಕ್ಕದ ಬೆಡ್ಡಿನ ಮಗುವಿನ ಅಜ್ಜಿ ತಿನ್ನುತ್ತಿದ್ದ ಬಿಸ್ಕತ್ತು ಕೈಯಲ್ಲೇ ಹಿಡಿದು ಕಾಯುತ್ತಿದ್ದರು.

“ದಯವಿಟ್ಟು ಈಗ ಸುಮ್ಮನಿರಬೇಡಿ,” ಎಂದೆ.

“ಇಲ್ಲ. ಇನ್ನು ಸುಮ್ಮನಿರಲ್ಲ.” ಅವರು ನನ್ನ ಕಣ್ಣನ್ನೇ ನೋಡಿದರು, ಈ ಸಲ ಬೇರೆ ಎಲ್ಲೂ ನೋಡಲಿಲ್ಲ. “ನನಗೂ ನಿಮ್ಮ ಮೇಲೆ ಪ್ರೀತಿ. ಎಷ್ಟು ಅಂತ ಹೇಳೋಕೆ ಬರಲ್ಲ. ಆದ್ರೆ ಒಂದು ಮಾತು ಕೊಡ್ತೀನಿ. ನೀವು ತಪ್ಪು ಅಂತ ಅನ್ನಿಸಿದ್ರೆ, ಯಾರೇ ಎದುರಿಗಿದ್ರೂ, ಹೇಳೇ ಹೇಳ್ತೀನಿ.”

ನನ್ನ ಜೀವನದಲ್ಲಿ ಯಾರೂ ನನಗೆ ಇಷ್ಟು ಒಳ್ಳೆಯ ಮಾತು ಕೊಟ್ಟಿರಲಿಲ್ಲ.

“ಹಾಗಾದ್ರೆ ಈಗಲೇ ಒಂದು ಹೇಳಿ ನೋಡೋಣ.”

“ಅವತ್ತು ಬೈದಿದ್ದು ಸರಿ. ಬೆಡ್ ಬಿಟ್ಟಿದ್ದೂ ಸರಿ. ಎಂಟು ದಿನ ಒಂದು ಮಾತೂ ಹೇಳದೆ ನನ್ನನ್ನ ಸಾಯಿಸಿದ್ದು ತಪ್ಪು. ದೊಡ್ಡ ತಪ್ಪು.”

“ಒಪ್ಕೊಂಡೆ,” ಎಂದೆ. ಅಜ್ಜಿ ಬಿಸ್ಕತ್ತು ಬಾಯಿಗೆ ಹಾಕಿಕೊಂಡರು.

ಗುಂಡಿಗೆ ಸಾಕಾಗಿತ್ತು. ಮಾವನ ಅಂಗಿ ಹಿಡಿದು ಎಳೆದಳು. “ಮಾವಾ, ನಡೀ ಮನೆಗೆ. ಅಮ್ಮ ಕಾಯ್ತಿದಾಳೆ.” ಆಮೇಲೆ ನನ್ನ ಕಡೆ ತಿರುಗಿದಳು. “ನೀವು ಬರಲ್ವಾ?”

ಅವರು ಬಾಯಿ ತೆರೆಯುವ ಮುಂಚೆ ನಾನೇ ಹೇಳಿದೆ: “ಇವತ್ತು ನನಗೆ ಡ್ಯೂಟಿ ಇದೆ ಕಣೇ. ಭಾನುವಾರ ಬರ್ತೀನಿ ಅಂತ ನಿಮ್ಮಮ್ಮಂಗೆ ಹೇಳು.”